ಫರಂಗಿಪೇಟೆಯ ಪರಿಸರದಲ್ಲಿ ಸ್ಥಳಮೂಲದ ಅಡ್ಡಹೆಸರುಗಳು

ಅಡ್ಡಹೆಸರು ವಂಶದ ಮೂಲವನ್ನು ತಿಳಿಸುತ್ತದೆಂಬುದು ರೂಢಿಯ ನಂಬಿಕೆ. ಊರಿನಿಂದ ಹುಟ್ಟಿದ ಹೆಸರುಗಳ ವಿಷಯದಲ್ಲಂತೂ ಈ ನಂಬಿಕೆ ಮತ್ತಷ್ಟು ದೃಢವಾಗಿದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ನೇತ್ರಾವತಿಯ ಉತ್ತರ ದಂಡೆಯ ಫರಂಗಿಪೇಟೆ ತಕ್ಕ ನೆಲೆಯಾಗಿದೆ.

ಇಲ್ಲಿ ಊರಿಗೇ ಜನರ ಹೆಸರು ಬಂದಿದೆ. ಯುರೋಪಿನ ಫ್ರಾಂಕ್ ಜನಾಂಗದ ಹೆಸರು ಅರಬಿ, ಪಾರಸಿ ಭಾಷೆಗಳ ಮೂಲಕ ‘ಫರಂಗಿ’ಯಾಗಿ, ನಮ್ಮ ಕರಾವಳಿಯಲ್ಲಿ ಪೋರ್ಚುಗೀಸರಿಗೆ ಸಂದಿತು. ಪರಂಗಿಹಣ್ಣಿನಲ್ಲಿ ಉಳಿದಿರುವುದೂ ಈ ಶಬ್ದವೇ.

ಈ ಭಾಗದ ಕ್ರೈಸ್ತ ಮನೆತನಗಳಲ್ಲಿ ಡಿಸೋಜ, ಡಿಅಲ್ಮೇಡ, ಮಿರಾಂದ ಮೊದಲಾದ ಹೆಸರುಗಳು ಬಳಕೆಯಲ್ಲಿವೆ. ಇವೂ ಸ್ಥಳನಾಮಗಳೇ. ‘ಡಿ’ ಎಂಬುದು ಪೋರ್ಚುಗೀಸಿನಲ್ಲಿ ಪಂಚಮಿ, ಷಷ್ಠಿಗಳ ಅರ್ಥ ಕೊಡುವ ಶಬ್ದ. ಸೋಜ ಉತ್ತರ ಪೋರ್ಚುಗಲ್ಲಿನ ಒಂದು ನದಿ. ಅಲ್ಮೇಡ ಆ ದೇಶದ ಗಡಿಯ ಕೋಟೆಯೂರು. ಆದರೆ ಇವನ್ನು ಧರಿಸಿದವರ ಪೂರ್ವಜರು ಅಲ್ಲಿಂದ ಬಂದವರೆಂದು ಹೇಳಲಾಗದು. ದೀಕ್ಷಾಸ್ನಾನದ ಸಮಯದಲ್ಲಿ ಪಾದ್ರಿಯ ಇಲ್ಲವೆ ಧರ್ಮಪಿತನ ಹೆಸರನ್ನು ಸ್ವೀಕರಿಸುವ ಪದ್ಧತಿಯಿಂದ ಇವು ಹರಡಿದವು. ಇಂಥ ಅನೇಕ ಮನೆತನಗಳು ಪ್ರಭು, ಕಾಮತ, ಶೆಣೈ ಎಂಬ ತಮ್ಮ ಹಳೆಯ ಕೊಂಕಣಿ ಕುಲನಾಮಗಳನ್ನೂ ನೆನಪಿನಲ್ಲಿ ಉಳಿಸಿಕೊಂಡಿವೆ.

ಸಾರಸ್ವತರ ಬಂಟ್ವಾಳ, ಗುಲ್ವಾಡಿ, ಕಾರ್ನಾಡು, ಪಡುಕೋಣೆ ಮುಂತಾದ ಹೆಸರುಗಳ ಸ್ಥಿತಿ ಬೇರೆ. ಇವು ಇದೇ ಕರಾವಳಿಯ ಊರುಗಳು. 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿಯನ್ನು ಪ್ರಕಟಿಸಿದ ಗುಲ್ವಾಡಿ ವೆಂಕಟರಾಯರು, ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡು ಸದಾಶಿವರಾಯರು ಊರನ್ನು ಹೆಸರಿನ ಮೊದಲಲ್ಲಿಟ್ಟರು. ಅದು ಕನ್ನಡದ ಕ್ರಮ. 1938ರಲ್ಲಿ ಮಾಥೇರಾನಿನಲ್ಲಿ ಜನಿಸಿದ ಗಿರೀಶ ಕಾರ್ನಾಡರಲ್ಲಿ ಅದೇ ಊರು ಕೊನೆಗೆ ಸರಿದು ಅಡ್ಡಹೆಸರಾಯಿತು. ಊರಿನಲ್ಲೇ ಉಳಿದವನನ್ನು ಊರಿನ ಹೆಸರಿನಿಂದ ಗುರುತಿಸುವ ಅಗತ್ಯವಿಲ್ಲ; ಊರು ಬಿಟ್ಟವನಿಗೇ ಅದು ಅಂಟಿಕೊಳ್ಳುತ್ತದೆ. ಇಂಗ್ಲೆಂಡಿನ ಡರ್ಹಮ್ ಸೀಮೆಯ ವಾಷಿಂಗ್ಟನ್ ಎಂಬ ಹಳ್ಳಿಯ ಹೆಸರು ಅಮೆರಿಕದ ಪ್ರಥಮ ಅಧ್ಯಕ್ಷನ ಮನೆತನಕ್ಕೆ ಉಳಿದುದೂ ಹೀಗೆಯೇ. ಸಣ್ಣ ಊರಿನಿಂದ ಕೆಲವೇ ಕುಟುಂಬಗಳು ಹೊರಟಲ್ಲಿ ಹೆಸರೂ ವಿರಳವಾಗುವುದು ಸಹಜ.

ಹೀಗೆ ಒಂದೇ ನದೀತೀರದಲ್ಲಿ ಎರಡು ಬಗೆಯ ಸ್ಥಳನಾಮಗಳು ನೆಲೆಸಿವೆ. ಒಂದರಲ್ಲಿ ಹೆಸರು ಪ್ರಯಾಣ ಮಾಡಿ ಬಂದಿತು, ಜನ ಇಲ್ಲಿಯವರೇ. ಇನ್ನೊಂದರಲ್ಲಿ ಜನರೇ ಹೆಸರನ್ನು ಹೊತ್ತು ನಡೆದರು. ಹೆಸರಿನ ಮೂಲವೂ ವಂಶದ ಮೂಲವೂ ಬೇರೆ ಬೇರೆ ಪ್ರಶ್ನೆಗಳು. ಇವನ್ನು ಒಂದೆಂದು ಬಗೆದರೆ, ಈ ನೆಲದಲ್ಲೇ ಹುಟ್ಟಿ ಬೆಳೆದವರನ್ನು ಪರಕೀಯರೆಂದು ಎಣಿಸುವ ಪ್ರಮಾದ ಘಟಿಸುತ್ತದೆ. ಆದುದರಿಂದ ಅಡ್ಡಹೆಸರನ್ನು ಇತಿಹಾಸಕ್ಕೆ ಸಾಕ್ಷಿಯಾಗಿ ಕರೆಯುವ ಮೊದಲು, ಅದನ್ನು ಯಾರು, ಯಾವ ಸಂದರ್ಭದಲ್ಲಿ ಕೊಟ್ಟರೆಂಬುದನ್ನು ವಿಚಾರಿಸುವುದು ಸಂಶೋಧಕನ ಪ್ರಥಮ ಕರ್ತವ್ಯವಾಗಿದೆ.