ಹೆಸರು ಮರೆಸಿದ ಕವಿ ಮುದ್ದಣ

ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರುಗಳ ಕಡೆ ಮನೆಯಲ್ಲಿ ಕನ್ನಡವಾಡುವವರಿಗೆ ಒಂದು ಅನುಭವ ಹೊಸದಲ್ಲ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಬೇರೆ. ಕನ್ನಡದಲ್ಲಿ ಏನಾದರೂ ಬರೆದರೆ ಅದನ್ನು ಅಚ್ಚು ಹಾಕುವವರು ಗಡಿಯ ಆಚೆಗೆ ಇರುತ್ತಾರೆ. ಅವರಿಗೆ ನಮ್ಮ ಪರಿಚಯವಿಲ್ಲ. ಕಳಿಸೋಣವೇ, ಬೇಡವೇ ಎಂಬ ಅಳುಕಿನಲ್ಲಿಯೇ ಎಷ್ಟೋ ನೋಟು ಪುಸ್ತಕಗಳು ಪೆಟ್ಟಿಗೆಯ ತಳ ಸೇರಿಬಿಡುತ್ತವೆ. ಇಂಥದೇ ಅಳುಕು ನೂರು ವರ್ಷಗಳಿಗೂ ಹಿಂದೆ ಒಬ್ಬ ದೊಡ್ಡ ಕವಿಯನ್ನು ಕಾಡಿತ್ತು. ಅವರು ಬರೆದದ್ದನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ, ಗಡಿಯಾಚೆಗೆ ಕಳಿಸಿದರು. ಆದರೆ ಅದರ ಮೇಲೆ ತಮ್ಮ ಹೆಸರು ಹಾಕಲಿಲ್ಲ. ಅವರೇ ಮುದ್ದಣ. ಈ ಹೊತ್ತಿನ ಮಾತು ಅವರನ್ನು ಕುರಿತದ್ದು.

ಮುದ್ದಣ ಎಂಬುದು ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು. ನಿಜವಾದ ಹೆಸರು ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರ ಜನವರಿ 24ರಂದು, ಕಾರ್ಕಳ ತಾಲ್ಲೂಕಿನ ನಂದಳಿಕೆ ಎಂಬ ಹಳ್ಳಿಯಲ್ಲಿ. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ಕಾರ್ಕಳ ಈಗ ಕರ್ನಾಟಕದಲ್ಲಿದೆ. ಆಗ ಹಾಗಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಸೇಲಂ ಜಿಲ್ಲೆಯೊಳಗಿದ್ದ ನಮ್ಮ ಹೊಸೂರು, ಕೃಷ್ಣಗಿರಿಗಳೂ ಅದೇ ಪ್ರಾಂತ್ಯದವು. ಅಂದರೆ ಮುದ್ದಣ ಕವಿಯೂ ನಮ್ಮ ಮುತ್ತಜ್ಜಂದಿರೂ ಒಂದೇ ಸರಕಾರದ ಪ್ರಜೆಗಳು. ಇಬ್ಬರಿಗೂ ಮೈಸೂರು ಬೇರೆ ರಾಜ್ಯ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ನಂದಳಿಕೆ ಮೈಸೂರು ರಾಜ್ಯಕ್ಕೆ ಹೋಯಿತು. ನಾವು ಇಲ್ಲಿ ಉಳಿದೆವು.

ಮನೆಯಲ್ಲಿ ಬಡತನ. ಹಳ್ಳಿಯ ಓದು ಮುಗಿಸಿ ಉಡುಪಿಗೆ ಬಂದ ಹುಡುಗನಿಗೆ ಇಂಗ್ಲಿಷ್ ವಿದ್ಯೆಯನ್ನು ಮುಂದುವರಿಸುವ ಅನುಕೂಲವಿರಲಿಲ್ಲ. ಉಪಾಧ್ಯಾಯರ ತರಬೇತಿಗೆ ಸೇರಿದರು. ಮೈಕಟ್ಟು ಚೆನ್ನಾಗಿತ್ತು, ಆಟಪಾಟಗಳಲ್ಲಿ ಮುಂದಿದ್ದರು. ಅಂಗಸಾಧನೆಯ ಶಿಕ್ಷಣಕ್ಕೆಂದು ಅವರನ್ನು ಮದರಾಸಿಗೆ ಕಳಿಸಿದರು. ಅಲ್ಲಿಂದ ಹಿಂದಿರುಗಿ ಉಡುಪಿಯಲ್ಲಿ ಡ್ರಿಲ್ ಮಾಸ್ತರರಾದರು. ನಡುವೆ ಕೆಲಕಾಲ ಕುಂದಾಪುರದಲ್ಲಿಯೂ ಕೆಲಸ ಮಾಡಿದರು. ಹಗಲು ಮಕ್ಕಳಿಗೆ ಕವಾಯತು ಕಲಿಸುವುದು, ಉಳಿದ ಹೊತ್ತಿನಲ್ಲಿ ಹಳಗನ್ನಡ ಕಾವ್ಯ ಓದುವುದು, ಇದು ಅವರ ದಿನಚರಿ. ಮಳಲಿ ಸುಬ್ಬರಾಯರೆಂಬ ವಿದ್ವಾಂಸರು ಬೆನ್ನು ತಟ್ಟಿದರು. ಮೊದಲು ಬರೆದದ್ದು ಯಕ್ಷಗಾನ ಪ್ರಸಂಗಗಳನ್ನು. ‘ರತ್ನಾವತಿ ಕಲ್ಯಾಣ’ ಮತ್ತು ‘ಕುಮಾರವಿಜಯ’ ಎಂಬ ಎರಡು ಪ್ರಸಂಗಗಳು ಇವತ್ತಿಗೂ ಕರಾವಳಿಯ ಮೇಳಗಳಿಗೆ ಪರಿಚಿತ.

ಆದರೆ ಯಕ್ಷಗಾನ ಬರೆದವರನ್ನು ಆಗಿನ ಪಂಡಿತರು ಕವಿಗಳ ಸಾಲಿನಲ್ಲಿ ಕೂರಿಸುತ್ತಿರಲಿಲ್ಲ. ಮೇಲಾಗಿ ಅದು ಹಳೆಯ ಗ್ರಂಥಗಳಿಗೆ ಹೊಸ ಗೌರವ ಬಂದಿದ್ದ ಕಾಲ. ನಮ್ಮ ಮಕ್ಕಳು ತಮಿಳು ಪಾಠದಲ್ಲಿ ಉ.ವೇ. ಸ್ವಾಮಿನಾಥ ಅಯ್ಯರ ಹೆಸರನ್ನು ಓದಿರುತ್ತಾರೆ. ಅವರು ಓಲೆಗರಿಗಳನ್ನು ಹುಡುಕಿ ತೆಗೆದು 1887ರಲ್ಲಿ ‘ಜೀವಕ ಚಿಂತಾಮಣಿ’ಯನ್ನೂ 1892ರಲ್ಲಿ ‘ಶಿಲಪ್ಪದಿಗಾರ’ವನ್ನೂ ಅಚ್ಚು ಹಾಕಿಸಿದರು. ಕನ್ನಡದಲ್ಲಿಯೂ ಅದೇ ಕೆಲಸ ನಡೆದಿತ್ತು. ಕಿಟ್ಟೆಲರು ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ್ದರು. 1894ರಲ್ಲಿ ಅವರ ನಿಘಂಟು ಹೊರಬಂತು. ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್ಯರು ಮತ್ತು ಎಸ್.ಜಿ. ನರಸಿಂಹಾಚಾರ್ಯರು ‘ಕಾವ್ಯಮಂಜರಿ’ ಎಂಬ ಪತ್ರಿಕೆಯ ಮೂಲಕ ಪ್ರಾಚೀನ ಕಾವ್ಯಗಳನ್ನು ಬೆಳಕಿಗೆ ತರುತ್ತಿದ್ದರು. ಅಲ್ಲಿ ಹಳಬರಿಗೆ ಸ್ವಾಗತವಿತ್ತು. ಉಡುಪಿಯ ಒಬ್ಬ ಡ್ರಿಲ್ ಮಾಸ್ತರನ ಹೊಸ ಕೃತಿಗೆ ಅಲ್ಲಿ ಯಾರು ಮಣೆ ಹಾಕುತ್ತಾರೆ?

ಲಕ್ಷ್ಮೀನಾರಣಪ್ಪನವರು ಒಂದು ಉಪಾಯ ಮಾಡಿದರು. ತಾವು ಬರೆದದ್ದನ್ನು ಹಳೆಯ ಕವಿಯ ಕೃತಿ ಎಂದು ಹೇಳಿ ಮೈಸೂರಿಗೆ ಕಳಿಸಿದರು. ಮಂಗಳೂರಿಗೆ ಇನ್ನೂ ರೈಲು ಬಂದಿರದ ಕಾಲ; ಅದು ಬಂದದ್ದು 1907ರಲ್ಲಿ. ಕರಾವಳಿಯಿಂದ ಹೊರಟ ಕಟ್ಟು ಘಟ್ಟ ಹತ್ತಿ ಮೈಸೂರು ಸೇರಿತು. 1895ರಲ್ಲಿ ‘ಅದ್ಭುತ ರಾಮಾಯಣ’ ಅಚ್ಚಾಯಿತು. ರಾಮನಲ್ಲ, ಸೀತೆಯೇ ಸಾವಿರ ತಲೆಯ ರಾವಣನನ್ನು ಕೊಲ್ಲುವ ಕತೆ ಅದು, ಗದ್ಯದಲ್ಲಿದೆ. ಮರುವರ್ಷ ‘ಶ್ರೀರಾಮ ಪಟ್ಟಾಭಿಷೇಕ’ ಬಂತು. ಇದು ವಾರ್ಧಕ ಷಟ್ಪದಿಯಲ್ಲಿದೆ. ನಮ್ಮ ಹಿರಿಯರು ರಾಗವಾಗಿ ಓದುತ್ತಿದ್ದ ಜೈಮಿನಿ ಭಾರತದ ಛಂದಸ್ಸು ಇದೇ. ಪಂಡಿತರು ಓದಿದರು, ಮೆಚ್ಚಿದರು. ಬರೆದವರು ಉಡುಪಿಯ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು.

ಇಂಥ ಮರೆ ಕನ್ನಡದಲ್ಲಿ ಮಾತ್ರ ನಡೆದದ್ದಲ್ಲ. ಇಂಗ್ಲೆಂಡಿನಲ್ಲಿ ಥಾಮಸ್ ಚಾಟರ್ಟನ್ ಎಂಬ ಹುಡುಗ ತನ್ನ ಪದ್ಯಗಳನ್ನು ಹದಿನೈದನೆಯ ಶತಮಾನದ ಒಬ್ಬ ಸಂನ್ಯಾಸಿಯವು ಎಂದು ಹೇಳಿಕೊಂಡಿದ್ದ. 1770ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಬಡತನದಲ್ಲಿಯೇ ತೀರಿಹೋದ. ಹೆಸರಿಲ್ಲದ ಬಡವನ ಹೊಸ ಮಾತನ್ನು ಲೋಕ ಕೇಳುವುದಿಲ್ಲ, ಹಳೆಯದೆಂದರೆ ಕಿವಿಗೊಡುತ್ತದೆ. ಇಬ್ಬರ ಕತೆಯಲ್ಲಿಯೂ ಇರುವ ನೋವು ಇದೇ.

1893ರಲ್ಲಿ ಲಕ್ಷ್ಮೀನಾರಣಪ್ಪನವರಿಗೆ ಮದುವೆಯಾಗಿತ್ತು. ಹೆಂಡತಿ ಕಮಲೆ, ಘಟ್ಟದ ಮೇಲಿನ ಶಿವಮೊಗ್ಗ ಸೀಮೆಯವರು. ಸಂಸಾರ ಬೆಳೆಯಿತು, ಸಂಬಳ ಬೆಳೆಯಲಿಲ್ಲ. ಜೊತೆಗೆ ಕ್ಷಯರೋಗ ಹತ್ತಿತು. ಮೈಗೆ ಕಸರತ್ತು ಕಲಿಸುವ ಮೇಷ್ಟರ ಮೈಯನ್ನೇ ರೋಗ ಒಳಗಿನಿಂದ ತಿನ್ನತೊಡಗಿತು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿಯೇ ಕಂಡುಹಿಡಿದಿದ್ದರು. ಆದರೆ ಅದನ್ನು ಕೊಲ್ಲುವ ಔಷಧಿ ಬರಲು 1940ರ ದಶಕದವರೆಗೆ ಕಾಯಬೇಕಾಯಿತು. ಒಳ್ಳೆಯ ಆಹಾರ, ವಿಶ್ರಾಂತಿ, ಒಳ್ಳೆಯ ಗಾಳಿ, ಇವೇ ಆಗಿನ ಚಿಕಿತ್ಸೆ. ಬಡ ಉಪಾಧ್ಯಾಯನಿಗೆ ಮೊದಲ ಎರಡೂ ದುಬಾರಿ.

ಇಂಥ ಸ್ಥಿತಿಯಲ್ಲಿ ಬರೆದ ಪುಸ್ತಕ ಹೇಗಿದ್ದೀತು? ಅಳುವಿನ ಪುಸ್ತಕವಾಗಿದ್ದೀತು ಎಂದು ನಾವು ಊಹಿಸುತ್ತೇವೆ. ‘ಶ್ರೀರಾಮಾಶ್ವಮೇಧ’ ಹಾಗಿಲ್ಲ. ಅದು ಕನ್ನಡದ ಅತ್ಯಂತ ನಗೆಮೊಗದ ಪುಸ್ತಕಗಳಲ್ಲಿ ಒಂದು. ಮಳೆಗಾಲದ ಒಂದು ಸಂಜೆ ಮುದ್ದಣನೆಂಬ ಕವಿ ಅರಮನೆಯಿಂದ ಮನೆಗೆ ಬರುತ್ತಾನೆ. ಹೆಂಡತಿ ಮನೋರಮೆ ಉಪಚರಿಸಿ, ಹೊತ್ತು ಹೋಗಲು ಒಂದು ಕತೆ ಹೇಳೆನ್ನುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎನ್ನುತ್ತಾಳೆ. ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ. ಕತೆಗೆ ಏನು ಕೊಡುತ್ತೀಯೆ ಎಂದು ಅವನು ಕೇಳಿದರೆ ನನ್ನನ್ನೇ ಕೊಡುತ್ತೇನೆ ಎನ್ನುತ್ತಾಳೆ. ಅದನ್ನು ನಿನ್ನ ತಂದೆ ಆಗಲೇ ಧಾರೆಯೆರೆದು ಕೊಟ್ಟಾಯಿತಲ್ಲ ಎಂದು ಅವನು ಛೇಡಿಸುತ್ತಾನೆ. ರಾಮನ ಕುದುರೆಯ ಕತೆ ಪದ್ಮಪುರಾಣದಿಂದ ಬಂದದ್ದು. ಈ ಗಂಡಹೆಂಡಿರ ಸಲ್ಲಾಪ ಮಾತ್ರ ಯಾವ ಪುರಾಣದಿಂದಲೂ ಬಂದದ್ದಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಲಕ್ಷ್ಮೀನಾರಣಪ್ಪನವರಿಗೆ ಯಾವ ಅರಮನೆಯೂ ಇರಲಿಲ್ಲ. ಸಂಜೆ ಅವರು ಬರುತ್ತಿದ್ದುದು ಶಾಲೆಯಿಂದ. ಆದರೆ ಎದುರುಗೊಳ್ಳಲು ಕಮಲೆಯಿದ್ದರು. ಮನೋರಮೆಯಲ್ಲಿ ಕಮಲೆಯ ನೆರಳನ್ನು ಓದುಗರು ಕಂಡಿದ್ದಾರೆ. ಇಲ್ಲದ ಅರಮನೆಯನ್ನು ಕವಿ ಕಟ್ಟಿಕೊಂಡರು, ಇದ್ದ ಒಲವನ್ನು ಹಾಗೆಯೇ ಬರೆದರು. ಭಾಷೆ ಹಳಗನ್ನಡದ್ದು, ಉಸಿರು ಹೊಸದು. ಅದಕ್ಕೇ ವಿಮರ್ಶಕರು ಅವರನ್ನು ಹೊಸಗನ್ನಡದ ಮುಂಗೋಳಿ ಎಂದು ಕರೆದರು. ಬೆಳಗಾಗುವ ಮುನ್ನ ಕೂಗಿದ ಕೋಳಿ ಎಂದು ಅದರ ಅರ್ಥ. ಮತ್ತೊಂದು ಮಾತು: ಕೃತಿಯನ್ನು ಹಳೆಯದೆಂದು ಹೇಳಿ ಕಳಿಸಿದವರು ಅದರೊಳಗಿನ ಕವಿಗೆ ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಇಟ್ಟರು. ಪೂರ್ತಿ ಮರೆಯಾಗಲು ಅವರ ಮನಸ್ಸೂ ಒಪ್ಪಲಿಲ್ಲ ಎಂದು ಕಾಣುತ್ತದೆ.

‘ಶ್ರೀರಾಮಾಶ್ವಮೇಧ’ 1899ರಿಂದ ‘ಕಾವ್ಯಕಲಾನಿಧಿ’ಯಲ್ಲಿ ಕಂತುಕಂತಾಗಿ ಬಂತು. ಅದು ಅಚ್ಚಾಗಿ ಮುಗಿಯುತ್ತಿದ್ದ ಹೊತ್ತಿಗೆ ಕವಿಯ ಆಯುಸ್ಸೂ ಮುಗಿಯಿತು. 1901ರ ಫೆಬ್ರವರಿಯಲ್ಲಿ, ಮೂವತ್ತೊಂದು ತುಂಬಿದ ಕೆಲವೇ ದಿನಗಳಲ್ಲಿ, ಮಡದಿಯನ್ನೂ ಎಳೆಯ ಮಗನನ್ನೂ ಬಿಟ್ಟು ಅವರು ತೀರಿಕೊಂಡರು. ಮುದ್ದಣ ಯಾರು, ಯಾವ ಕಾಲದವನು ಎಂದು ವಿದ್ವಾಂಸರು ಆಮೇಲೂ ಬಹುಕಾಲ ಹುಡುಕಿದರು. ನಂದಳಿಕೆಯ ಲಕ್ಷ್ಮೀನಾರಣಪ್ಪನವರೇ ಮುದ್ದಣ ಎಂಬುದು ಎಲ್ಲರಿಗೂ ತಿಳಿಯುವ ಹೊತ್ತಿಗೆ ಆ ಕೀರ್ತಿಯಿಂದ ಅವರಿಗೆ ಒಂದು ಹೊತ್ತಿನ ಹಾಲೂ ದಕ್ಕುವಂತಿರಲಿಲ್ಲ.

2017ರಲ್ಲಿ ಭಾರತೀಯ ಅಂಚೆ ಇಲಾಖೆ ಮುದ್ದಣ ಕವಿಯ ಅಂಚೆಚೀಟಿಯನ್ನು ಹೊರತಂದಿತು. ಹೆಸರು ಮರೆಸಿ ಕಟ್ಟು ಕಳಿಸಿದವರ ಮುಖವೂ ಹೆಸರೂ ಕೊನೆಗೆ ಅಂಚೆಯ ಮೇಲೆಯೇ ಬಂದವು. ನಡುವೆ ನೂರಕ್ಕೂ ಹೆಚ್ಚು ವರ್ಷ ಕಳೆದಿತ್ತು.

ಕೇಳುಗರೇ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಒಂದು ಕನ್ನಡ ನೋಟು ಪುಸ್ತಕ ಇದ್ದೀತು. ಅಜ್ಜ ಬರೆದ ಹಾಡಿರಬಹುದು, ಮಗಳು ಬರೆದ ಪದ್ಯವಿರಬಹುದು. ಅದನ್ನು ಹೊರಗೆ ತೆಗೆಯಿರಿ. ಬರೆದವರ ಹೆಸರನ್ನೂ ಊರನ್ನೂ ಮೊದಲ ಪುಟದಲ್ಲಿ ಬರೆದಿಡಿ. ಊರು ಗಡಿಯ ಈಚೆಯದು ಎಂದು ಅಳುಕಬೇಡಿ. ನಂದಳಿಕೆಯೂ ಒಂದು ಕಾಲಕ್ಕೆ ಈಚೆಯದೇ ಆಗಿತ್ತು.