ಅಂಕ ಹಾಕುವವರ ಸಂಕಟ

ಮೌಲ್ಯಮಾಪನ ಮುಗಿಸಿ ಊರಿಗೆ ಬಂದ ಕಾಲೇಜು ಅಧ್ಯಾಪಕರನ್ನು ಮಾತನಾಡಿಸಿದರೆ ಪ್ರತಿ ವರ್ಷವೂ ಒಂದೇ ದೂರು. ಪ್ರಬಂಧರೂಪದ ಉತ್ತರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಪೀಠಿಕೆ ಗೈಡಿನದು, ಉಪಸಂಹಾರ ಗೈಡಿನದು, ನಡುವಿನ ಕಾಗುಣಿತದ ತಪ್ಪು ಮಾತ್ರ ಸ್ವಂತದ್ದು ಎನ್ನುತ್ತಾರೆ. ಹೈಸ್ಕೂಲಿನಲ್ಲಿ ಆ ಕಾಗುಣಿತ ಕಲಿಸಿದವರ ಸಾಲಿನಲ್ಲಿ ನಾನೂ ಇರುವುದರಿಂದ ಸುಮ್ಮನೆ ನಕ್ಕುಬಿಡುವಂತಿಲ್ಲ. ಆದರೆ ಈ ಸಂಕಟ ಇಂದು ನಿನ್ನೆಯದಲ್ಲ. ಅದರ ಬೇರು ನಮ್ಮ ವಿಶ್ವವಿದ್ಯಾನಿಲಯಗಳ ಹುಟ್ಟಿನಲ್ಲೇ ಇದೆ.

1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದಾಗ ಅವುಗಳಿಗೆ ಮಾದರಿಯಾದದ್ದು ಲಂಡನ್ ವಿಶ್ವವಿದ್ಯಾನಿಲಯ. ಪಾಠ ಹೇಳುವುದು ಕಾಲೇಜುಗಳ ಕೆಲಸ. ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾನಿಲಯದ ಕೆಲಸ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ಹುಡುಗರು ಮೈಸೂರು ಸಂಸ್ಥಾನದಲ್ಲಿ ಓದಿದರೂ ಪದವಿಗೆ ಮದ್ರಾಸಿನ ಕಡೆಗೇ ನೋಡಬೇಕಾಗಿತ್ತು. ಕಲಿಸಿದವರೊಬ್ಬರು, ಅಳೆಯುವವರು ಇನ್ನೊಬ್ಬರು.

ಈ ಏರ್ಪಾಡಿನಲ್ಲಿ ಒಂದು ದೊಡ್ಡ ಗುಣವಿತ್ತೆಂಬುದನ್ನು ಮರೆಯಬಾರದು. ಬರೆದವನ ಜಾತಿ, ಮನೆತನ, ತಂದೆಯ ಹುದ್ದೆ ಯಾವುದೂ ಉತ್ತರಪತ್ರಿಕೆಯ ಮೇಲೆ ಕಾಣುವುದಿಲ್ಲ. ತೋಟದ ಲೈನುಮನೆಯ ಮಗುವಿಗೂ ತೋಟದ ಯಜಮಾನರ ಮಗುವಿಗೂ ಅಲ್ಲಿರುವುದು ಬರಿಯ ನಂಬರು. ಆದರೆ ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಪರೀಕ್ಷಕರಿಗೆ ಬರೆದವರ ಮುಖ ಕಾಣದು. ಬರೆದವರಿಗೆ ಪರೀಕ್ಷಕರ ಮಾತು ಕೇಳದು. ಗುರುತಿಲ್ಲದವರ ಮುಂದೆ ಸ್ವಂತ ಮಾತನಾಡಲು ಯಾರಿಗೆ ತಾನೆ ಧೈರ್ಯ ಬಂದೀತು? ಗೈಡಿನ ಮಾತಾದರೆ ಅಪಾಯವಿಲ್ಲ.

1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮದ್ರಾಸಿನ ಹಂಗು ತಪ್ಪಿತು, ಪರೀಕ್ಷೆಯ ಪಾರಮ್ಯ ತಪ್ಪಲಿಲ್ಲ. 1918ರಿಂದ 1921ರವರೆಗೆ ಅಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಡಾ. ಎಸ್. ರಾಧಾಕೃಷ್ಣನ್ ಅವರೇ ಮುಂದೆ 1948–49ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾದರು. ಸುಧಾರಣೆ ಒಂದೇ ಒಂದು ಸಾಧ್ಯವೆಂದಾದರೆ ಅದು ಪರೀಕ್ಷೆಯದೇ ಆಗಬೇಕು ಎಂಬುದು ಆ ಆಯೋಗದ ಅಭಿಪ್ರಾಯವಾಗಿತ್ತು.

ಅದಕ್ಕೂ ಮುಂಚೆ ಅಂಕ ಹಾಕುವವರನ್ನೇ ಪರೀಕ್ಷೆಗೆ ಕೂರಿಸಿದವರೊಬ್ಬರಿದ್ದರು. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್ ಇಂಗ್ಲೆಂಡಿಗೆ ಮರಳಿದ ಮೇಲೆ ಇ. ಸಿ. ರೋಡ್ಸ್ ಅವರೊಡನೆ ಸೇರಿ 1935ರಲ್ಲಿ ಒಂದು ವರದಿ ಪ್ರಕಟಿಸಿದರು. ಚರಿತ್ರೆಯ 15 ಉತ್ತರಪತ್ರಿಕೆಗಳನ್ನು 14 ಮಂದಿ ಪರೀಕ್ಷಕರಿಗೆ ಕೊಟ್ಟು, ವರ್ಷ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅವರಿಗೇ ಮತ್ತೆ ಕೊಡಲಾಯಿತು. ಒಟ್ಟು 210 ತೀರ್ಪುಗಳಲ್ಲಿ 92 ಬದಲಾಗಿದ್ದವು! ಪಾಸಾದವರು ನಪಾಸಾದರು, ನಪಾಸಾದವರು ದಡ ಸೇರಿದರು. ಕಾಫಿಯ ಮೂಟೆಯನ್ನು ಬೆಳಿಗ್ಗೆ ತೂಗಿದರೂ ಸಂಜೆ ತೂಗಿದರೂ ತಕ್ಕಡಿ ಒಂದೇ ಲೆಕ್ಕ ಹೇಳುತ್ತದೆ. ಪ್ರಬಂಧಕ್ಕೆ ಅಂಥ ತಕ್ಕಡಿಯಿಲ್ಲ. ಅದನ್ನು ತೂಗುವುದು ಮನುಷ್ಯನ ಮನಸ್ಸು, ಅದೂ ದಣಿದ ಮನಸ್ಸು.

ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರಿನ ಕುಲಪತಿಗಳಾಗಿದ್ದಾಗ ಉನ್ನತ ಶಿಕ್ಷಣಕ್ಕೆ ಕನ್ನಡ ಮಾಧ್ಯಮದ ದಾರಿ ತೆರೆದರು. ಮಲೆನಾಡಿನ ಮಕ್ಕಳು ತಾವು ಕಂಡುಂಡದ್ದನ್ನು ತಮ್ಮ ನುಡಿಯಲ್ಲೇ ಬರೆಯಬಹುದೆಂಬ ಆಸೆ ಚಿಗುರಿತು. ದಾರಿ ತೆರೆಯಿತು ನಿಜ. ಅದೇ ದಾರಿಯಲ್ಲಿ ಗೈಡುಗಳೂ ಕನ್ನಡದಲ್ಲಿ ಬಂದವು.

ನಮ್ಮ ಸಕಲೇಶಪುರದ ಉದಾಹರಣೆಯನ್ನೇ ನೋಡಿ. ಪೇಟೆಯಿಂದ ಮಂಗಳೂರು ರಸ್ತೆ ಹಿಡಿದರೆ ದೋಣಿಗಾಲಿನ ಬಳಿ ಮಂಜರಾಬಾದ್ ಕೋಟೆಯಿದೆ. ಟಿಪ್ಪು ಸುಲ್ತಾನ 1792ರ ಹೊತ್ತಿಗೆ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಅದು. ಹಿಂದೆ ನನ್ನ ತರಗತಿಯಲ್ಲಿ ಓದಿದ ಹುಡುಗಿಯೊಬ್ಬಳು ಬಿ.ಎ. ಪರೀಕ್ಷೆಯಲ್ಲಿ ಟಿಪ್ಪುವಿನ ಬಗ್ಗೆ ಬರೆಯುವಾಗ ಈ ಕೋಟೆಯನ್ನೇ ಆರಿಸಿಕೊಂಡಳು. ಚಾಚಿದ ಮೂಲೆಗಳಿಂದ ಗೋಡೆಯ ಬುಡವೆಲ್ಲ ಕಾಣುವುದರಿಂದ ಹತ್ತಿ ಬರುವ ಶತ್ರುವಿಗೆ ಅಡಗಲು ಜಾಗವಿಲ್ಲ, ಘಟ್ಟ ಇಳಿಯುವ ದಾರಿಯ ಮೇಲೆ ಕಣ್ಣಿಡಲು ಇದಕ್ಕಿಂತ ತಕ್ಕ ಗುಡ್ಡವಿಲ್ಲ ಎಂದು, ತಾನು ಗೋಡೆಯ ಮೇಲೆ ನಿಂತು ಕಂಡದ್ದನ್ನು ಎರಡು ಪುಟ ಬರೆದಳಂತೆ. ಬಂದ ಅಂಕ ತೀರ ಕಡಿಮೆ.

2011ರಲ್ಲಿ ಸುಪ್ರೀಂ ಕೋರ್ಟು ಮಾಹಿತಿ ಹಕ್ಕಿನಡಿ ವಿದ್ಯಾರ್ಥಿ ತನ್ನ ಉತ್ತರಪತ್ರಿಕೆಯನ್ನು ನೋಡಬಹುದೆಂದು ತೀರ್ಪಿತ್ತಿದೆ. ಅವಳೂ ಜೆರಾಕ್ಸ್ ಪ್ರತಿ ತರಿಸಿಕೊಂಡು ನನ್ನ ಬಳಿ ಬಂದಳು. ಆ ಎರಡು ಪುಟಗಳಲ್ಲಿ ಸರಿ ಗುರುತೂ ಇಲ್ಲ, ಇಂಟು ಮಾರ್ಕೂ ಇಲ್ಲ; ಕೊನೆಯಲ್ಲಿ ಒಂದು ಅಂಕಿ, ಅಷ್ಟೆ. "ಮೇಡಂ, ತಪ್ಪು ಎಲ್ಲಿದೆ ಅಂತ ಹೇಳಿ, ತಿದ್ದಿಕೊಳ್ತೀನಿ" ಎಂದಳು. ಏನು ಹೇಳಲಿ? ಕೇಳಿದ್ದಕ್ಕಿಂತ ಬೇರೆಯದನ್ನು ಬರೆದಿದ್ದಾಳೆಂದು ಪರೀಕ್ಷಕರಿಗೆ ಅನ್ನಿಸಿರಬಹುದು, ಅದು ನ್ಯಾಯವೂ ಇರಬಹುದು. ಮೇಜಿನ ಮೇಲೆ ಕಟ್ಟುಗಟ್ಟಲೆ ಪತ್ರಿಕೆ ಕಾದಿರುವಾಗ ವಿವರ ಬರೆಯುತ್ತ ಕೂರಲು ಅವರಿಗೂ ಪುರುಸೊತ್ತೆಲ್ಲಿ? ಆದರೆ ಅವಳು ಮುಂದಿನ ಪರೀಕ್ಷೆಗೆ ಗೈಡು ಕೊಂಡಳು. ಅಂಕವೂ ಏರಿತು.

ಹಾಗೆ ನೋಡಿದರೆ ಒಂದೇ ತೆರನ ಉತ್ತರ ಓದಿ ಬೇಸರಗೊಳ್ಳುವವರೂ, ಅದನ್ನು ಬರೆಯುವವರೂ ಒಂದೇ ಏರ್ಪಾಡಿನ ಎರಡು ತುದಿಗಳಲ್ಲಿದ್ದಾರೆ. ಈಗ ಪದವಿ ತರಗತಿಗಳಲ್ಲಿ ಒಂದಷ್ಟು ಅಂಕ ಆಂತರಿಕ ಮೌಲ್ಯಮಾಪನಕ್ಕೆಂದು ಕಲಿಸುವವರ ಕೈಯಲ್ಲೇ ಇದೆ. ಅದರಲ್ಲಿ ವರ್ಷಕ್ಕೊಂದಾದರೂ ಪ್ರಬಂಧ ಬರೆಸಿ, ಅಂಕದ ಜೊತೆ ಎರಡು ಸಾಲು ಬರೆದು ವಾಪಸು ಕೊಟ್ಟರೆ ಸಾಕು. 'ಇದು ಚೆನ್ನಾಗಿದೆ, ಇದಕ್ಕೆ ಆಧಾರವೇನು?' ಎಂದು ಅಂಚಿನಲ್ಲಿ ಯಾರಾದರೂ ಕೇಳಿದರೆ, ಮುಂದಿನ ಪುಟವನ್ನು ಮಕ್ಕಳು ಆ ಪ್ರಶ್ನೆಗೆ ಉತ್ತರವಾಗಿ ಬರೆಯುತ್ತಾರೆ. ಅದನ್ನು ಓದುವವರಿಗೆ ಬೇಸರವಾಗದು.