ನಾಲ್ವರು ನರ್ತಕಿಯರು, ಒಂದು ಕಲ್ಲಚ್ಚು

ನಮ್ಮ ವಸಂತನರಸಾಪುರದ ಕಡೆಯವರಿಗೆ ನಾಟಕ ಅಂದರೆ ಗುಬ್ಬಿ ಕಂಪನಿ. ಹಾಗಾಗಿ 1845ರ ಲಂಡನ್ನಿನ ಬ್ಯಾಲೆ ಚಿತ್ರವೊಂದನ್ನು ನೋಡುವಾಗಲೂ ನನ್ನ ತಲೆಯಲ್ಲಿ ಓಡುತ್ತಿದ್ದುದು ಗುಬ್ಬಿಯೇ. ಎಲ್ಲಿಯ ಬ್ಯಾಲೆ, ಎಲ್ಲಿಯ ಗುಬ್ಬಿ ಅಂತ ನಗಬೇಡಿ... ಅಲ್ಲಿಗೇ ಬರುತ್ತೇನೆ.

ಚಿತ್ರ ಒಂದು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತಿದ್ದು. ಮೂಲ ಚಿತ್ರ ಆಲ್ಫ್ರೆಡ್ ಎಡ್ವರ್ಡ್ ಶಾಲೋನ್‌ನದು. ನಡುವೆ ಮರೀ ತಾಲ್ಯೋನಿ, ಸುತ್ತ ಕಾರ್ಲೋಟಾ ಗ್ರಿಸಿ, ಫ್ಯಾನಿ ಚೆರಿಟೊ, ಲ್ಯೂಸಿಲ್ ಗ್ರಾನ್. ಆ ಕಾಲದ ಯುರೋಪಿನ ದೊಡ್ಡ ತಾರೆಯರು. ಜುಲೈ 12ರಂದು ಹರ್ ಮೆಜೆಸ್ಟೀಸ್ ಥಿಯೇಟರಿನಲ್ಲಿ ನಾಲ್ವರೂ ಒಟ್ಟಿಗೆ ಕುಣಿದರು. ನೃತ್ಯದ ಹೆಸರು 'ಪಾ ದ ಕಾತ್ರ್', ನಾಲ್ವರ ಕುಣಿತ ಅಂತ ಅರ್ಥ. ಆ ಜುಲೈನಲ್ಲಿ ನಡೆದದ್ದು ನಾಲ್ಕೇ ಪ್ರದರ್ಶನ.

ಚಿತ್ರದಲ್ಲಿ ಎಲ್ಲರೂ ಅಕ್ಕತಂಗಿಯರ ಹಾಗೆ ಕಾಣುತ್ತಾರೆ. ಒಳಗಿನ ಕಥೆ ಬೇರೆ. ಯಾರ ಸರದಿ ಯಾವಾಗ ಅನ್ನುವುದೇ ಜಗಳ. ಕೊನೆಯ, ಅಂದರೆ ದೊಡ್ಡ ಗೌರವದ ಸರದಿ ತಾಲ್ಯೋನಿಗೆ ಅಂತ ಒಪ್ಪಿಗೆಯಾಯಿತು. ಮಿಕ್ಕಿದ್ದಕ್ಕೆ ಯಾರೂ ಬಗ್ಗಲಿಲ್ಲ. ನೃತ್ಯ ಸಂಯೋಜಿಸಿದ ಜೂಲ್ ಪೆರೊ ತಲೆ ಮೇಲೆ ಕೈ ಹೊತ್ತು ಮ್ಯಾನೇಜರ್ ಲಮ್ಲಿ ಬಳಿ ಓಡಿದ. ವಯಸ್ಸಿನಲ್ಲಿ ಹಿರಿಯಳಿಗೇ ಆ ಜಾಗ ಅಂದುಬಿಟ್ಟನಂತೆ ಲಮ್ಲಿ. ಆಮೇಲೆ ಯಾರಿಗೂ ಆ ಜಾಗ ಬೇಡ! (ಇದನ್ನು ಬರೆದಿಟ್ಟವನು ಲಮ್ಲಿಯೇ. ಸ್ವಲ್ಪ ಮಸಾಲೆ ಇದ್ದರೂ ಇರಬಹುದು.)

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಉಡುಪು. ಬಿಗಿಯಾದ ಕುಪ್ಪಸ, ಮೊಣಕಾಲಿನ ಕೆಳಗಿನವರೆಗೆ ಗಂಟೆಯ ಆಕಾರದಲ್ಲಿ ಅರಳಿದ ತೆಳು ಲಂಗ, ತಲೆಯಲ್ಲಿ ಹೂವು. 1832ರಲ್ಲಿ ಪ್ಯಾರಿಸ್ಸಿನ 'ಲಾ ಸಿಲ್ಫೀಡ್'ನಲ್ಲಿ ತಾಲ್ಯೋನಿ ತೊಟ್ಟ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಗಾಳಿಯಲ್ಲಿ ತೇಲುವಂಥ ಬಟ್ಟೆ, ಆದರೆ ದೀಪಗಳೆಲ್ಲ ಬೆಂಕಿಯವು. ಈ ಕುಣಿತಕ್ಕೆ ಏಳು ತಿಂಗಳ ಹಿಂದೆ, 1844ರ ಡಿಸೆಂಬರಿನಲ್ಲಿ, ಅದೇ ಲಂಡನ್ನಿನ ಡ್ರೂರಿ ಲೇನ್ ರಂಗದ ಮೇಲೆ ಕ್ಲಾರಾ ವೆಬ್‌ಸ್ಟರ್ ಅನ್ನುವ ನರ್ತಕಿಯ ಲಂಗಕ್ಕೆ ಕಿಡಿ ತಾಗಿ ಆಕೆ ಸತ್ತಿದ್ದಳು. ತಾಲ್ಯೋನಿಯ ಶಿಷ್ಯೆ ಎಮ್ಮಾ ಲಿವ್ರಿಗೂ ಹಾಗೇ ಆಯಿತು. ಬೆಂಕಿ ಹಿಡಿಯದ ಹಾಗೆ ಔಷಧ ಹಚ್ಚಿದ ಬಟ್ಟೆ ಅಷ್ಟರಲ್ಲಿ ಬಂದಿತ್ತು. ಒರಟು, ಅಂದಗೇಡಿ ಅಂತ ಲಿವ್ರಿ ಬೇಡವೆಂದಳು. 1862ರ ನವೆಂಬರಿನಲ್ಲಿ ತಾಲೀಮಿನ ವೇಳೆ ಸುಟ್ಟುಕೊಂಡು, ಎಂಟು ತಿಂಗಳು ನರಳಿ ತೀರಿಕೊಂಡಳು. ಅವಳ ಉಡುಪಿನ ಸುಟ್ಟ ಚೂರುಗಳನ್ನು ಪ್ಯಾರಿಸ್ ಆಪೆರಾದ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಅದನ್ನು ಓದಿದ ಮೇಲೆ ಶಾಲೋನ್‌ನ ಚಿತ್ರ ಮೊದಲಿನ ಹಾಗೆ ಕಾಣಲಿಲ್ಲ.

ಪೆರೊ ಕಟ್ಟಿದ ಹೆಜ್ಜೆಗಳು ಕಳೆದುಹೋದವು. 1936ರಲ್ಲಿ ಕೀತ್ ಲೆಸ್ಟರ್, 1941ರಲ್ಲಿ ಆಂಟನ್ ಡೋಲಿನ್ ಆ ನೃತ್ಯವನ್ನು ಮತ್ತೆ ಕಟ್ಟಿದಾಗ ಕೈಹಿಡಿದದ್ದು ಇಂಥ ಮುದ್ರಣಗಳೇ.

ಈಗ ಗುಬ್ಬಿಗೆ ಬನ್ನಿ. 1884ರಲ್ಲಿ ಶುರುವಾದ ಕಂಪನಿಯಲ್ಲಿ ಮೊದಮೊದಲು ಹೆಣ್ಣು ಪಾತ್ರಕ್ಕೂ ಗಂಡಸರೇ. ವೀರಣ್ಣನವರ ಕಾಲದಲ್ಲಿ ಬಿ. ಜಯಮ್ಮನವರಂಥ ನಟಿಯರು ಮಿಂಚಿದರು. ಜಯಮ್ಮನವರು 1945ರ 'ಹೇಮರೆಡ್ಡಿ ಮಲ್ಲಮ್ಮ' ಸಿನಿಮಾದಲ್ಲೂ ನಟಿಸಿದರು. ಆದರೆ ನಾಟಕದಲ್ಲಿ ಅವರು ಉಟ್ಟ ಸೀರೆ ಯಾವ ಬಣ್ಣ, ಜರಿ ಎಷ್ಟು ಅಗಲ ಅನ್ನುವುದನ್ನು ಕಪ್ಪುಬಿಳುಪು ಫೋಟೊ ಹೇಳುವುದಿಲ್ಲ. ಲಂಡನ್ನಿನ ಆ ಕಲ್ಲಚ್ಚಿನ ಕೆಲವು ಪ್ರತಿಗಳಿಗೆ ಕೈಯಿಂದ ಬಣ್ಣ ತುಂಬಿದ್ದರು.

ಗುಬ್ಬಿ, ಕುಣಿಗಲ್, ತುಮಕೂರಿನ ಬ್ಲಾಗಿಗರೇ, ನಿಮ್ಮ ಮನೆಯ ಅಟ್ಟದಲ್ಲಿ ಹಳೇ ನಾಟಕದ ಹ್ಯಾಂಡ್‌ಬಿಲ್ಲೋ ಫೋಟೊವೋ ಇದ್ದರೆ ರದ್ದಿಗೆ ಹಾಕಬೇಡಿ. ಸ್ಕ್ಯಾನ್ ಮಾಡಿ ನಿಮ್ಮ ಬ್ಲಾಗಿನಲ್ಲಿ ಹಾಕಿ. ಆ ನಾಟಕ ನೋಡಿದ ಅಜ್ಜಿ ಮನೆಯಲ್ಲಿದ್ದರೆ, ಸೀರೆ ಯಾವ ಬಣ್ಣದ್ದು ಅಂತ ಮೊದಲು ಕೇಳಿಟ್ಟುಕೊಳ್ಳಿ.